ಒರೆಗಲ್ಲಿನ ಮೇಲೆ ಒಂದೇ ಎಳೆ

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಎಣ್ಣೆ ಗಿರಣಿಗಳ ಸಾಲು ಮುಗಿದು ಲಾರಿ ರಿಪೇರಿಯ ಶೆಡ್ಡುಗಳು ಶುರುವಾಗುವ ಕಡೆ ನೂರ್ ಅಹಮ್ಮದರ ಗುಜರಿ ಅಂಗಡಿ ಇದೆ. ಅಂಗಡಿ ಎಂದರೆ ನಾಲ್ಕು ತಗಡು, ಒಂದು ಬೇವಿನ ಮರ, ಮರದ ಕೊಂಬೆಗೆ ತೂಗುಹಾಕಿದ ತಕ್ಕಡಿ, ಅಷ್ಟೇ. ಅರವತ್ತು ದಾಟಿದ ಮನುಷ್ಯ; ಊರಿನವರ ಬಾಯಲ್ಲಿ ನೂರ್ ಸಾಬರು. ಅವರ ಬೆನ್ನ ಹಿಂದೆ ಯಾರಾದರೂ ಒಂದು ತುಂಡನ್ನು ಚಪ್ಪಡಿಯ ಮೇಲೆ ಎಸೆದರೆ, ತಿರುಗಿಯೂ ನೋಡದೆ ಹಿತ್ತಾಳೆ ಎನ್ನುತ್ತಾರೆ. ಇನ್ನೊಂದು ಎಸೆದರೆ ಬೀಡು ಕಬ್ಬಿಣ ಎನ್ನುತ್ತಾರೆ. ಸೀಸಕ್ಕೆ ಸದ್ದೇ ಇಲ್ಲ, ಸಗಣಿ ಬಿದ್ದ ಹಾಗೆ ಬೀಳುತ್ತದೆ ಎಂದು ನಗುತ್ತಾರೆ. ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ, ಒಳಗಿನಿಂದ ಕಿರಕಿರ ಸದ್ದು ಬಂದ ಮೇಲೇ ಅದನ್ನು ತವರವೆಂದು ಒಪ್ಪುತ್ತಾರೆ.

ಬೀಗರು ಕೊಟ್ಟ ಕೊಡ ತಾಮ್ರದ್ದೋ, ತಾಮ್ರದ ಬಣ್ಣ ಬಳಿದುಕೊಂಡ ಕಬ್ಬಿಣದ್ದೋ ಎಂದು ಜಗಳ ಎದ್ದರೆ ಎರಡೂ ಕಡೆಯವರು ಕೊಡ ಹೊತ್ತು ಇಲ್ಲಿಗೇ ಬರುತ್ತಾರೆ. ಸಾಬರು ಅದಕ್ಕೆ ಆಯಸ್ಕಾಂತ ತಾಗಿಸುತ್ತಾರೆ, ಒಂದು ಮಾತು ಹೇಳುತ್ತಾರೆ. ಜಗಳ ಅಲ್ಲಿಗೆ ಮುಗಿಯುತ್ತದೆ, ಇಲ್ಲವೇ ಅಲ್ಲಿಂದ ಸರಿಯಾಗಿ ಶುರುವಾಗುತ್ತದೆ. ಹೇಗಾದರೂ ಅವರ ಮಾತಿಗೆ ಎದುರು ಮಾತಿಲ್ಲ. ಊರು ತಮ್ಮ ಮಾತನ್ನು ಇಷ್ಟು ನಂಬಬಾರದಾಗಿತ್ತು ಎಂದು ಸಾಬರಿಗೆ ಅನ್ನಿಸತೊಡಗಿ ಹನ್ನೊಂದು ವರ್ಷವಾಯಿತು. ಅದು ಊರಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ಹೆಂಡತಿ ಇಮಾಂ ಬೀಗೆ ಮಾತ್ರ.

ಮೊನ್ನೆ ಚಳಿಗಾಲದ ಒಂದು ಸೋಮವಾರ, ಸ್ಕೂಟರಿನಲ್ಲಿ ಒಬ್ಬ ಹೆಣ್ಣುಮಗಳು ಬಂದು ಅಂಗಡಿಯ ಮುಂದೆ ನಿಂತಳು. ಮೂವತ್ತರ ಆಸುಪಾಸು, ಕೈಯಲ್ಲಿ ಖಾಲಿ ಚೀಲ.

"ಸಾಬ್ರೇ, ನಾನು ಹೈಸ್ಕೂಲ್ ಟೀಚರು, ಪ್ರೇಮಲತಾ ಅಂತ. ನಮ್ಮ ಮಕ್ಕಳಿಗೆ ಲೋಹ, ಅಲೋಹ, ಲೋಹಾಭ ಅಂತ ಪಾಠ ಐತೆ. ಪುಸ್ತಕದ ಚಿತ್ರ ತೋರಿಸಿ ತೋರಿಸಿ ಸಾಕಾಗೈತೆ. ಒಂದಿಷ್ಟು ಸಾಮಾನು ಬೇಕಿತ್ತು."

"ಲೋಹ ಗೊತ್ತು ಮೇಡಂ. ಇನ್ನೆರಡು ಯಾವುವೋ ನಾನು ಕಾಣೆ."

"ಕಂಡಿದ್ದೀರ. ಹೆಸರು ಗೊತ್ತಿಲ್ಲ ಅಷ್ಟೆ." ಅವಳು ರಾಶಿಯ ಪಕ್ಕ ಕೂತು ಹಳೆ ಟಾರ್ಚ್ ಸೆಲ್ಲಿನ ಕರಿ ಕಡ್ಡಿಯೊಂದನ್ನು ಹೆಕ್ಕಿದಳು. "ಇದು ಅಲೋಹ. ಬಡಿದ್ರೆ ತಗಡಾಗಲ್ಲ, ಮುರೀತದೆ." ಆಮೇಲೆ, ಬಯಲಲ್ಲಿ ಹಾಕಿದ ಸೋಲಾರ್ ಫಲಕಗಳಿಂದ ಒಡೆದು ಬಂದ ಚೂರುಗಳ ಚೀಲಕ್ಕೆ ಕೈ ಹಾಕಿದಳು. "ಇದರೊಳಗಿನ ಬೂದು ಬಿಲ್ಲೆ ಐತಲ್ಲ, ಅದು ಲೋಹಾಭ. ಸಿಲಿಕಾನು."

"ಅದಾ! ಅದು ಮೋಸದ ಮಾಲು ಮೇಡಂ. ನೋಡಾಕೆ ಬೆಳ್ಳಿ ಹಂಗೆ ಹೊಳೀತದೆ, ಸುತ್ತಿಗೆ ಮುಟ್ಟಿಸಿದ್ರೆ ಗಾಜಿನ ಹಂಗೆ ಪುಡಿ."

"ಮೋಸ ಅಲ್ಲ ಸಾಬ್ರೇ, ಅದರ ಗುಣಾನೇ ಅದು. ಆ ಕಡೇದೂ ಒಂದಿಷ್ಟು, ಈ ಕಡೇದೂ ಒಂದಿಷ್ಟು." ಅವಳು ನಕ್ಕಳು. "ನೀವೇ ಬಂದು ಮಕ್ಕಳಿಗೆ ತೋರಿಸ್ರಿ. ನಾನು ಹೆಸರು ಹೇಳ್ತೀನಿ, ನೀವು ಗುಣ ತೋರಿಸಿ."

ಸಾಬರಿಗೆ ಒಳಗೊಳಗೇ ಹಿಗ್ಗಾಯಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರನ್ನು ಶಾಲೆಯವರೇ ಬಂದು ಕರೆದರೆ ಯಾರಿಗೆ ಆಗುವುದಿಲ್ಲ! ಚಹಾ ತರಿಸುತ್ತ ಸುಮ್ಮನೆ ಮಾತಿಗೆ ಕೇಳಿದರು: "ಯಾವೂರಾಯ್ತು ಮೇಡಂ ನಿಮ್ದು?"

"ಮೊಳಕಾಲ್ಮೂರು. ರೇಷ್ಮೆ ಸೀರೆ ನೇಯ್ತಿದ್ರಲ್ಲ ಚಿತ್ತಪ್ಪ ಅಂತ, ಅವರ ಮಗಳು."

ಚಹಾದ ಲೋಟ ಸಾಬರ ಕೈಯಲ್ಲೇ ಉಳಿಯಿತು. "ನೇಯ್ತಿದ್ರು ಅಂದ್ರೆ... ಈಗ ನೇಯಲ್ವಾ?"

"ಬಿಟ್ಟು ಹನ್ನೊಂದು ವರ್ಷ ಆತು. ಅದೊಂದು ಕತೆ ಬಿಡ್ರಿ. ಬುಧವಾರ ಬರ್ತೀರಾ?"

ಬರುವುದಿಲ್ಲ ಎನ್ನಬೇಕೆಂದೇ ಅವರು ಬಾಯಿ ತೆರೆದದ್ದು. ಬಾಯಿ ಹೂಂ ಎಂದಿತು.

ಆ ಕತೆಯನ್ನು ಪ್ರೇಮಲತಾ ಹೇಳಬೇಕಾಗಿರಲಿಲ್ಲ. ಅವಳಿಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚು ಸಾಬರಿಗೆ ಗೊತ್ತಿತ್ತು.

ಗುಜರಿ ಅವರ ಈಚಿನ ಕಸುಬು. ಅದಕ್ಕೂ ಮೊದಲು, ತಂದೆಯ ಕಾಲದಿಂದ, ಮನೆತನದ ಕಸುಬು ಹಳೆ ಜರಿ ಸೀರೆ ಕೊಳ್ಳುವುದು. ಗುರುವಾರ ಬಂತೆಂದರೆ ಮೊಳಕಾಲ್ಮೂರು. ಅಲ್ಲಿಂದ ಸುತ್ತಿನ ಹಳ್ಳಿಗಳು. ಹರಿದ ರೇಷ್ಮೆ ಸೀರೆಗಳನ್ನು ಕೊಂಡು ತಂದು, ಹಿತ್ತಲಲ್ಲಿ ಕಬ್ಬಿಣದ ಬಾಣಲೆಯಲ್ಲಿ ಸುಡುವುದು. ರೇಷ್ಮೆ ಕೂದಲು ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ, ಜರಿಯ ಲೋಹ ಉಳಿಯುತ್ತದೆ. ಅಸಲಿ ಜರಿ ಎಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಮೇಲೆ ಚಿನ್ನದ ನೀರು ಕೊಟ್ಟದ್ದು. ನಕಲಿಯಲ್ಲಿ ಬೆಳ್ಳಿಯ ಜಾಗದಲ್ಲಿ ತಾಮ್ರ. ಹೊರಗಿನಿಂದ ಎರಡೂ ಒಂದೇ ಥರ ಮಿರುಗುತ್ತವೆ. ಎಳೆಯನ್ನು ಒರೆಗಲ್ಲಿಗೆ ಎರಡು ಸಲ ಉಜ್ಜಿದರೆ ಚಿನ್ನ ಹೋಗಿ ಒಳಗಿನದು ಕಾಣುತ್ತದೆ. ಬೆಳ್ಳಗಿನ ಗೆರೆ ಬಿದ್ದರೆ ಬೆಳ್ಳಿ, ಕೆಂಪಾದರೆ ತಾಮ್ರ.

ತಂದೆ ಒಂದು ಕಟ್ಟಳೆ ಹಾಕಿಕೊಟ್ಟಿದ್ದರು. ಒಂದು ಸೀರೆಗೆ ಮೂರು ಎಳೆ ಒರೆ ಹಚ್ಚಬೇಕು: ಅಂಚಿನಿಂದ ಒಂದು, ಸೆರಗಿನಿಂದ ಒಂದು, ಒಡಲಿನ ಬುಟ್ಟಾದಿಂದ ಒಂದು. ಮೂರನೆಯ ಗೆರೆ ನೋಡುವ ತನಕ ಬಾಯಿ ಬಿಡಬಾರದು. ಇಪ್ಪತ್ತೈದು ವರ್ಷ ಸಾಬರು ಹಾಗೆಯೇ ನಡೆದುಕೊಂಡರು. ಆಮೇಲೆ ಹೆಸರು ಬಂತು. ಹೆಸರು ಬಂದ ಮೇಲೆ ಮೂರು ಎಳೆ ಎರಡಾಯಿತು; ಜನ ನೋಡುತ್ತ ನಿಂತಿದ್ದರೆ ಒಂದೇ ಎಳೆ ಸಾಕು ಎನ್ನಿಸತೊಡಗಿತು. ಜಂಬಕ್ಕೆ ಬೇರೆ ಕೊಂಬು ಬೇಕೇ!

ಹನ್ನೊಂದು ವರ್ಷದ ಹಿಂದೆ ಒಂದು ಗುರುವಾರ, ಮೊಳಕಾಲ್ಮೂರಿನ ನೇಕಾರರ ಬೀದಿಯ ಕಟ್ಟೆಯ ಮೇಲೆ ಕೂತಿದ್ದಾಗ, ಗೌರಸಮುದ್ರದ ಸೂರಮ್ಮ ಎಂಬಾಕೆ ತನ್ನ ಮದುವೆಯ ಸೀರೆ ತಂದಳು. ನೇಯ್ದವನು ಚಿತ್ತಪ್ಪ, ಅದೇ ಬೀದಿಯವನು. ಅವನ ಕೈಯ ಸೀರೆ ಎಂದರೆ ಆ ಸೀಮೆಯಲ್ಲಿ ಯಾರೂ ಒರೆ ಹಚ್ಚಲು ಹೋಗುತ್ತಿರಲಿಲ್ಲ. ಹತ್ತು ಹದಿನೈದು ಜನ ಸುತ್ತ ನೆರೆದಿದ್ದರು. ಸಾಬರು ಸೀರೆಯ ತುದಿಯಿಂದ ಒಂದು ಎಳೆ ಕಿತ್ತು, ಕಲ್ಲಿಗೆ ಉಜ್ಜಿ, ಕೆಂಪು ಗೆರೆ ಕಂಡು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ತಾಮ್ರ ಐತಮ್ಮೋ ಇದು! ಬೆಳ್ಳಿ ಅಲ್ಲ!"

ಚಿತ್ತಪ್ಪ ಮಗ್ಗದ ಗುಂಡಿಯಿಂದ ಎದ್ದು ಓಡಿ ಬಂದ. "ಇನ್ನೊಂದು ಎಳೆ ನೋಡ್ರಿ ಸಾಬ್ರೇ, ನನ್ನ ಸೀರೆ ಅದು," ಎಂದು ಬೇಡಿಕೊಂಡ. ಇಷ್ಟು ಜನರ ಮುಂದೆ ಇನ್ನೊಂದು ಎಳೆ ನೋಡಿದರೆ ಮೊದಲನೆಯದರ ಮೇಲೆ ತಮಗೇ ನಂಬಿಕೆ ಇಲ್ಲವೆಂದಾಗುತ್ತದೆ. "ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಪ್ಪಾ," ಎಂದು ಸಾಬರು ಕಲ್ಲನ್ನು ಜೇಬಿಗೆ ಹಾಕಿದರು. ಚಿತ್ತಪ್ಪ ಬೀದಿಯ ಆ ತುದಿಯ ಮನೆಯ ಕಡೆ ತಿರುಗಿ, ತನಗೇ ಎಂಬಂತೆ, "ಹೊನ್ನೂರ ನಂಗೆ ಹಿಂಗ್ ಮಾಡಿದ್ನಾ?" ಎಂದ. ಹೊನ್ನೂರಸ್ವಾಮಿ ಎಂದರೆ ನೇಕಾರರಿಗೆಲ್ಲ ಜರಿಯ ರೀಲು ತಂದುಕೊಡುತ್ತಿದ್ದವನು, ಚಿತ್ತಪ್ಪನ ಬಾಲ್ಯದ ಗೆಳೆಯ.

ಸಾಬರು ಸೀರೆಯನ್ನು ತಾಮ್ರದ ಬೆಲೆಗೆ ಕೊಂಡು ಬಸ್ಸು ಹತ್ತಿದರು.

ಮೂರನೆಯ ದಿನ ಅದನ್ನು ಸುಟ್ಟರು. ತಾಮ್ರ ಬೆಂಕಿಗೆ ಬಿದ್ದರೆ ಕಪ್ಪಾಗುತ್ತದೆ, ಬೆಳ್ಳಿ ಆಗುವುದಿಲ್ಲ. ಬಾಣಲೆಯ ಬೂದಿಯನ್ನು ಊದಿದಾಗ ಕಂಡದ್ದು ಬೆಳ್ಳನೆಯ ಜರಿಯ ಮುದ್ದೆ. ಅದರ ಪಕ್ಕದಲ್ಲಿ ಒಂದೇ ಒಂದು ಗೇಣುದ್ದದ ಕಪ್ಪು ಎಳೆ. ಸಾಬರು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಯಾವತ್ತೋ ಸೀರೆಯ ತುದಿಯನ್ನು ಇಲಿ ಕಡಿದಿರಬೇಕು, ಯಾರೋ ಅಗ್ಗದ ಜರಿಯಲ್ಲಿ ಅಷ್ಟನ್ನು ಹೊಲಿದು ಮುಚ್ಚಿರಬೇಕು. ಅವರು ಕಿತ್ತು ಒರೆ ಹಚ್ಚಿದ್ದು ಆ ಹೊಲಿಗೆಯ ಎಳೆಯನ್ನು. ಇನ್ನೊಂದು ಎಳೆ ನೋಡಿದ್ದರೆ ಅಲ್ಲೇ ಮುಗಿಯುತ್ತಿತ್ತು.

ಲೋಹದ ಕಸ ಬಿಡಿಸುವ ಬಿಳಿಗಾರ ಹಾಕಿ ಕರಗಿಸಿದಾಗ ಅಡಿಕೆ ಗಾತ್ರದ ಬೆಳ್ಳಿಯ ಉಂಡೆ ಬಂತು.

ಸೂರಮ್ಮನಿಗೆ ಮಾಡಿದ ತಪ್ಪನ್ನು ಅವರು ಮರುವಾರವೇ ತಿದ್ದಿದರು. ಗೌರಸಮುದ್ರಕ್ಕೆ ಹೋಗಿ, ರೇಟು ಏರಿತಮ್ಮ ಎಂದು ಸುಳ್ಳು ಹೇಳಿ, ಉಳಿದ ಹಣ ಕೊಟ್ಟು ಬಂದರು. ಅದು ಸುಲಭವಿತ್ತು. ಮೊಳಕಾಲ್ಮೂರಿನ ಬೀದಿಯಲ್ಲಿ ನಿಂತು ನಾನು ಹೇಳಿದ್ದು ತಪ್ಪು ಎನ್ನುವುದು ಸುಲಭವಿರಲಿಲ್ಲ. ಒಂದು ಸಲ ತಪ್ಪು ಎಂದರೆ ಇನ್ನು ಮೇಲೆ ತಮ್ಮ ಕಲ್ಲನ್ನು ಯಾರು ನಂಬುತ್ತಾರೆ? ಮುಂದಿನ ಗುರುವಾರ ಹೇಳೋಣ ಎಂದುಕೊಂಡರು. ಆ ಗುರುವಾರ ಜ್ವರ ಬಂತು, ಅಥವಾ ಜ್ವರ ಬಂತೆಂದು ಮಲಗಿದರು. ನಾಲ್ಕು ಗುರುವಾರ ಹೀಗೆ ಹೋದ ಮೇಲೆ ಸೀರೆಯ ಕಸುಬನ್ನೇ ಬಿಟ್ಟು ಗುಜರಿಗೆ ಇಳಿದರು. ಮೊಳಕಾಲ್ಮೂರಿನ ಬಸ್ಸು ಅಂಗಡಿಯ ಮುಂದೆಯೇ ಹಾದುಹೋದರೂ ತಲೆ ಎತ್ತುತ್ತಿರಲಿಲ್ಲ.

ಉಂಡೆಯನ್ನು ಮಾತ್ರ ಮಾರಲಿಲ್ಲ. ಕಣ್ಣಿಗೆ ಹಚ್ಚುವ ಸುರ್ಮಾದ ಹಳೆಯ ಡಬ್ಬಿಯಲ್ಲಿ ಹಾಕಿ ಇಮಾಂ ಬೀಯ ಟ್ರಂಕಿನಲ್ಲಿಟ್ಟರು. ಪ್ರತಿ ರಂಜಾನಿಗೆ ಬಡವರ ಪಾಲಿನ ಜಕಾತ್ ಕೊಡಲು ಮನೆಯ ಬೆಳ್ಳಿ ಬಂಗಾರ ಎಣಿಸುವಾಗ ಆಕೆ ಅದೊಂದನ್ನು ಪಕ್ಕಕ್ಕಿಟ್ಟು ಕೇಳುತ್ತಿದ್ದಳು: "ಇದು ನಮ್ದಾ, ಇನ್ನೊಬ್ಬರದಾ? ಯಾವಾಗ ತೀರ್ಮಾನ ಮಾಡ್ತೀರಿ?" ಸಾಬರು ಟೋಪಿ ಸರಿಮಾಡಿಕೊಂಡು ಮಸೀದಿಗೆ ಹೊರಟುಬಿಡುತ್ತಿದ್ದರು.

ಬುಧವಾರ ಬಂತು. ಅಂದು ಬೆಳಿಗ್ಗೆ ಇಮಾಂ ಬೀ ಅವರಿಗೆ ಒಗೆದ ಅಂಗಿ ಕೊಟ್ಟಳು. "ಯಾರ ಮಗಳು ಅಂತ ಗೊತ್ತಿದ್ದೂ ಹೋಗ್ತಿದ್ದೀರಲ್ಲ, ಧೈರ್ಯ ಬಂತಾ?" ಎಂದಳು. "ಧೈರ್ಯ ಅಲ್ಲ, ಮಾತು ಕೊಟ್ಟಿದ್ದೀನಿ," ಎಂದರು ಸಾಬರು. ಅವಳು ನಗಲಿಲ್ಲ.

ಶಾಲೆಯಲ್ಲಿ ಮೇಜಿನ ಮೇಲೆ ಸಾಮಾನು ಹರಡಿ ನಿಂತ ಮೇಲೆ ಒಂದಿಷ್ಟು ಹೊತ್ತು ಎಲ್ಲ ಮರೆತುಹೋಯಿತು. ಅಲ್ಯುಮಿನಿಯಂ ತುಂಡನ್ನು ಬಡಿದು ಹಪ್ಪಳದಷ್ಟು ತೆಳ್ಳಗೆ ಮಾಡಿದರು. ಪ್ರೇಮಲತಾ ಅದಕ್ಕೆ ಕುಟ್ಯತೆ ಎಂದು ಬೋರ್ಡಿನ ಮೇಲೆ ಬರೆದಳು. ತಾಮ್ರದ ತಂತಿ ತೋರಿಸಿದರು. ಅವಳು ತನ್ಯತೆ ಎಂದಳು. ಹಿತ್ತಾಳೆಯ ಗಂಟೆ ಬಾರಿಸಿದರು, ಶಾಬ್ದನ ಎಂದಳು. ಜೀವಮಾನವಿಡೀ ತಾನು ಇಷ್ಟು ದೊಡ್ಡ ದೊಡ್ಡ ಹೆಸರುಗಳ ನಡುವೆ ಕೂತಿದ್ದೆನಲ್ಲ ಎಂದು ಸಾಬರಿಗೆ ಸೋಜಿಗವಾಯಿತು. ಹಳದಿ ಗಂಧಕದ ಗಟ್ಟಿ ಸುತ್ತಿಗೆಯ ಒಂದೇ ಏಟಿಗೆ ಹಿಟ್ಟಾಯಿತು. ಸೆಲ್ಲಿನ ಕರಿ ಕಡ್ಡಿಯೂ ಮುರಿಯಿತು. ಆದರೆ ಅದನ್ನು ತಂತಿಗಳ ನಡುವೆ ಇಟ್ಟಾಗ ಬಲ್ಬು ಉರಿಯಿತು. ಅಲೋಹವಾಗಿ ಇದು ಹೇಗೆ ಎಂದು ಮಕ್ಕಳು ಬಾಯಿ ಬಿಟ್ಟರು.

"ಅದಕ್ಕೇ ಒಂದೇ ಗುಣ ನೋಡಿ ಇದು ಇಂಥದ್ದೇ ಅಂತ ಹೇಳಬಾರದು," ಎಂದಳು ಪ್ರೇಮಲತಾ. "ಹೊಳಪು ನೋಡ್ಬೇಕು, ಬಡಿದು ನೋಡ್ಬೇಕು, ಕರೆಂಟು ಹರಿಸಿ ನೋಡ್ಬೇಕು. ಎಲ್ಲ ಸೇರಿಸಿ ಆಮೇಲೆ ಹೇಳ್ಬೇಕು. ಅಲ್ವಾ ಸಾಬ್ರೇ?"

"ಹೌದಮ್ಮ," ಎಂದರು ಸಾಬರು. ಅವರ ಕೈ ಸಿಲಿಕಾನಿನ ಬಿಲ್ಲೆಯ ಮೇಲಿತ್ತು. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ಅದನ್ನು ಮೆಲ್ಲಗೆ ಒತ್ತಿದ್ದಕ್ಕೇ ಚೂರುಚೂರಾಯಿತು.

ಪಾಠ ಮುಗಿಯಿತು ಎಂದುಕೊಂಡಿರುವಾಗ ಪ್ರೇಮಲತಾ ತನ್ನ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದಳು. ಅದರಲ್ಲಿ ಅಂಗೈ ಅಗಲದ ರೇಷ್ಮೆಯ ತುಂಡು, ಜರಿಯ ಅಂಚು.

"ಮಕ್ಕಳೇ, ಇದು ನಮ್ಮಪ್ಪ ನೇಯ್ದಿದ್ದು. ಒಂದು ಮದುವೆ ಸೀರೆ ನೇಯ್ದಾಗ ಅದೇ ರೀಲಿನ ಜರಿಯಲ್ಲಿ ಮಾದರಿಗೆ ಅಂತ ಇಷ್ಟು ನೇಯ್ದು ಇಟ್ಕೊಂಡಿದ್ರು. ಇದರಾಗೆ ಇರೋದು ಬೆಳ್ಳಿನಾ, ತಾಮ್ರನಾ ಅಂತ ಸಾಬರು ಒರೆ ಹಚ್ಚಿ ಹೇಳ್ತಾರೆ." ಆಮೇಲೆ ದನಿ ತಗ್ಗಿಸಿ ಅವರಿಗಷ್ಟೇ ಹೇಳಿದಳು: "ಆ ಸೀರೆ ನಕಲಿ ಅಂತ ಯಾರೋ ಅಂದ್ರಂತೆ ಸಾಬ್ರೇ. ಅವತ್ತಿಂದ ಅಪ್ಪ ಮಗ್ಗ ಮುಟ್ಟಿಲ್ಲ. ಏನಿದ್ರೂ ನಂಗೆ ಗೊತ್ತಾಗ್ಬೇಕು. ಅಪ್ಪಂಗೆ ಹೇಳದೆ ತಂದಿದ್ದೀನಿ."

ಒರೆಗಲ್ಲು ಜೇಬಿನಲ್ಲೇ ಇತ್ತು. ಸಾಬರು ಅಂಚಿನಿಂದ ಒಂದು ಎಳೆ ಕಿತ್ತು ಉಜ್ಜಿದರು. ಬಿಳಿ. ನಡುವಿನಿಂದ ಒಂದು. ಬಿಳಿ. ಇನ್ನೊಂದು ತುದಿಯಿಂದ ಮೂರನೆಯದು. ಅದೂ ಬಿಳಿ. ನಲವತ್ತು ಮಕ್ಕಳು ಉಸಿರು ಹಿಡಿದು ನೋಡುತ್ತಿದ್ದರು.

"ಬೆಳ್ಳಿ," ಎಂದರು ಸಾಬರು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಒಂದೊಂದೂ ಕೆನ್ನೆಗೆ ಬಿದ್ದಂತಾಯಿತು.

ಹೊರಗೆ ಮೊಗಸಾಲೆಯಲ್ಲಿ ಪ್ರೇಮಲತಾ ಕಣ್ಣೊರೆಸಿಕೊಳ್ಳುತ್ತ ಫೋನು ತೆಗೆದಳು. ಸಾಬರು ಕೈ ಅಡ್ಡ ಹಿಡಿದರು.

"ಫೋನ್ ಮಾಡಬೇಡಮ್ಮ. ನಾನೇ ಹೋಗಿ ಹೇಳ್ತೀನಿ."

"ನೀವ್ಯಾಕೆ ಸಾಬ್ರೇ ಅಷ್ಟು ದೂರ?"

"ಅವತ್ತು ತಾಮ್ರ ಅಂದೋನು ನಾನೇ." ನೆಲ ನೋಡುತ್ತಲೇ ಎಲ್ಲ ಹೇಳಿದರು: ಒಂದೇ ಎಳೆ, ಕಪ್ಪಾದ ಗೇಣುದ್ದ ತಾಮ್ರ, ಡಬ್ಬಿಯಲ್ಲಿರುವ ಉಂಡೆ. "ಮೂರೇ ದಿನಕ್ಕೆ ಗೊತ್ತಾಗಿತ್ತಮ್ಮ ನಂಗೆ. ಗೊತ್ತಿದ್ದೂ ಬರಲಿಲ್ಲ."

ಅವಳು ಬೈದಿದ್ದರೆ ಸಾಬರಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಫೋನನ್ನು ಬ್ಯಾಗಿನೊಳಗೆ ಇಟ್ಟು ಹೇಳಿದಳು: "ಶನಿವಾರ ಮಧ್ಯಾಹ್ನ ನಾನು ಊರಿಗೆ ಹೋಗ್ತೀನಿ. ಅಷ್ಟರಾಗೆ ನೀವು ಹೋಗಿಲ್ಲ ಅಂದ್ರೆ ನಾನು ಹೇಳ್ತೀನಿ." ಸಾಬ್ರೇ ಎಂಬ ಮಾತು ಆ ವಾಕ್ಯದಲ್ಲಿ ಇರಲಿಲ್ಲ.

ಮರುದಿನ ಗುರುವಾರ. ಬೇಕೆಂದು ಆರಿಸಿಕೊಂಡದ್ದಲ್ಲ, ಹಾಗೆ ಬಂದಿತ್ತು. ಇಮಾಂ ಬೀ ಟ್ರಂಕಿನಿಂದ ಡಬ್ಬಿ ತೆಗೆದು ಅವರ ಜೇಬಿಗೆ ಹಾಕಿದಳು. ತಳಕು, ಹಿರೇಹಳ್ಳಿ, ಬಿ.ಜಿ. ಕೆರೆ ದಾಟಿ ಬಸ್ಸು ಹಾನಗಲ್ಲಿನಲ್ಲಿ ಮೊಳಕಾಲ್ಮೂರಿನ ಕಡೆ ಹೊರಳಿದಾಗ, ಇಳಿದು ವಾಪಸ್ಸು ಹೋಗುವ ಬಸ್ಸು ಹತ್ತಿಬಿಡೋಣ ಎಂದು ಕಾಲು ಎಳೆಯಿತು. ಸೀಟಿನ ಕಂಬಿ ಹಿಡಿದು ಕೂತರು. ಮೊಳಕಾಲ್ಮೂರಿನ ಗುಡ್ಡದ ಬಂಡೆಗಳು ಕಂಡಾಗ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.

ಬೀದಿ ಬಹುಪಾಲು ಹಾಗೆಯೇ ಇತ್ತು. ಮಗ್ಗದ ಸದ್ದು ಕಡಿಮೆಯಾಗಿತ್ತು. ಚಿತ್ತಪ್ಪ ಜಗಲಿಯ ಮೇಲೆ ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತೆರೆದ ಬಾಗಿಲ ಒಳಗೆ ಮಗ್ಗದ ಗುಂಡಿಯ ಮೇಲೆ ಹಲಗೆ ಹಾಸಿ ಅಕ್ಕಿಯ ಮೂಟೆ ಒಟ್ಟಿದ್ದು ಕಾಣುತ್ತಿತ್ತು.

"ಯಾರು?"

"ನೂರ್ ಅಹಮ್ಮದ್ ಚಿತ್ತಪ್ಪಣ್ಣ. ಚಳ್ಳಕೆರೆ. ಹಳೇ ಸೀರೆ ಕೊಳ್ತಿದ್ದೆ."

ಚಿತ್ತಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ. "ಗೊತ್ತಾತು. ಬರ್ರಿ, ಕೂತ್ಕಳ್ರಿ." ಒಳಗೆ ತಿರುಗಿ ಹೆಂಡತಿಗೆ ತೆಲುಗಿನಲ್ಲಿ, "ನೀಳ್ಳು ತೇ," ಎಂದು ಕೂಗಿದ. ತಂಬಿಗೆಯಲ್ಲಿ ನೀರು ಬಂತು. ಸಾಬರು ತಂಬಿಗೆಯನ್ನು ಪಕ್ಕಕ್ಕಿಟ್ಟರು. ಡಬ್ಬಿ ತೆಗೆದು ಉಂಡೆಯನ್ನು ಚಿತ್ತಪ್ಪನ ಅಂಗೈಗೆ ಹಾಕಿದರು, ಬಚ್ಚಿಡದೆ ಎಲ್ಲ ಹೇಳಿದರು.

ಚಿತ್ತಪ್ಪ ಉಂಡೆಯನ್ನು ಹೆಬ್ಬೆರಳಿನಿಂದ ಸವರುತ್ತ ಕೇಳುತ್ತಿದ್ದ. "ಇದು ಆ ಸೀರೇದಾ?"

"ಹೂಂ."

"ಯಾವಾಗ ಕರಗಿಸಿದ್ರಿ?"

"ಕೊಂಡ ಮೂರನೇ ದಿನ."

"ಮೂರನೇ ದಿನ," ಎಂದ ಚಿತ್ತಪ್ಪ. ಲೆಕ್ಕ ತಪ್ಪಿತೇನೋ ಎಂಬಂತೆ ಮತ್ತೊಮ್ಮೆ ಅದನ್ನೇ ಹೇಳಿದ.

"ಬೈಯಿರಿ ಅಣ್ಣ. ಬಾಯಿಗೆ ಬಂದಂಗೆ ಬೈಯಿರಿ. ನಿಮ್ಮ ಹೆಸರು ಕೆಡಿಸಿದೆ ನಾನು."

"ಯಾವ ಬಾಯಾಗೆ ಬೈಲಿ ಸಾಬ್ರೇ?" ಚಿತ್ತಪ್ಪನ ದನಿ ಏರಲೇ ಇಲ್ಲ. "ನನ್ನ ಹೆಸರು ಏನೂ ಕೆಡಲಿಲ್ಲ. ನಾನು ಕೆಡಕ್ಕೆ ಬಿಡ್ಲಿಲ್ಲ. ಎಲ್ಲಾನೂ ಹೊನ್ನೂರನ ಮೇಲೆ ಹೊರಿಸಿದೆ. ನಲವತ್ತು ವರ್ಷ ಜರಿ ಆಡಿಸಿದ ಬೆರಳು ಇವು. ನಕಲಿ ಜರಿ ಬಿರುಸಾಗಿರ್ತೈತೆ, ಮುಟ್ಟಿದ್ರೆ ಗೊತ್ತಾಗ್ತೈತೆ. ಅದು ಬೆಳ್ಳಿ ಅಂತ ಬೆರಳಿಗೆ ಗೊತ್ತಿತ್ತು. ನಿಮ್ಮ ಕಲ್ಲು ನಂಬಿ ನನ್ನ ಬೆರಳನ್ನ ಬಿಟ್ಟೆ, ಆಮೇಲೆ ಮಗ್ಗಾನೂ ಬಿಟ್ಟೆ. ಅವತ್ತು ಸಂಜೆನೇ ಅವನ ಮನೆ ಬಾಗಿಲಾಗೆ ನಿಂತು, ಹೆಂಡ್ತಿ ಮುಂದೆ, ಕಳ್ಳ ಅಂದೆ. ಬೀದಿಯೋರು ಒಬ್ಬರೂ ಆಮೇಲೆ ಅವನ ತಾವ ಜರಿ ತಗೊಳ್ಲಿಲ್ಲ."

"ಈಗ ಅವರು ಎಲ್ಲಿದಾರೆ? ಇಬ್ಬರೂ ಹೋಗಿ..."

"ಹೋಗಿ ಮೂರು ವರ್ಷ ಆತು. ಎದೆನೋವು. ನಾನು ಮಣ್ಣಿಗೂ ಹೋಗ್ಲಿಲ್ಲ." ಚಿತ್ತಪ್ಪ ಈಗ ಮುಖ ಎತ್ತಿದ. "ನೀವು ಲೇಟಾದ್ರೂ ನನ್ನ ತಾವ ಬಂದ್ರಿ. ನಾನು ಯಾರ ತಾವ ಹೋಗ್ಲಿ?"

ಹನ್ನೊಂದು ವರ್ಷ ಸಾಬರು ತಾವು ಒಬ್ಬ ಮನುಷ್ಯನ ಮುಂದೆ ತಪ್ಪಿತಸ್ಥ ಎಂದುಕೊಂಡಿದ್ದರು. ಇನ್ನೊಬ್ಬ ಇದ್ದ. ಅವನ ಮುಖವನ್ನೂ ಅವರು ಸರಿಯಾಗಿ ನೋಡಿರಲಿಲ್ಲ.

ಚಿತ್ತಪ್ಪ ಉಂಡೆಯನ್ನು ಸಾಬರ ಕೈಗೆ ಕೊಟ್ಟು, ಗೋಡೆ ಹಿಡಿದು ಎದ್ದ. "ಬೋರಕ್ಕ ಅದಾಳೆ. ನಡೀರಿ."

ಬೀದಿಯ ಆ ತುದಿಯ ಮನೆಯಲ್ಲಿ ಹೊನ್ನೂರಸ್ವಾಮಿಯ ಹೆಂಡತಿ ಬೋರಕ್ಕ ರಾಟೆಯ ಮುಂದೆ ಕೂತು ಕೂಲಿಗೆ ರೇಷ್ಮೆ ನೂಲು ಸುತ್ತುತ್ತಿದ್ದಳು. ಬಾಗಿಲಲ್ಲಿ ಚಿತ್ತಪ್ಪನನ್ನು ಕಂಡರೂ ರಾಟೆ ನಿಲ್ಲಿಸಲಿಲ್ಲ. ಚಿತ್ತಪ್ಪ ಹೊಸ್ತಿಲು ದಾಟಲಿಲ್ಲ. ಸಾಬರೇ ಮುಂದೆ ಹೋಗಿ, ನೆಲದ ಮೇಲೆ ಕೂತು, ಅದೇ ಕತೆಯನ್ನು ಮೂರನೆಯ ಸಲ ಹೇಳಿದರು. ಮೂರನೆಯ ಸಲ ಹೇಳುವಾಗ ಅದು ಮೊದಲಿಗಿಂತ ಕಷ್ಟವಾಗಿತ್ತು. ಕೊನೆಗೆ ಉಂಡೆಯನ್ನು ಅವಳ ಮುಂದಿಟ್ಟರು.

ಬೋರಕ್ಕ ರಾಟೆಗೆ ಕೈ ಅಡ್ಡ ಹಿಡಿದು ನಿಲ್ಲಿಸಿದಳು. "ಅವತ್ತು ಎಷ್ಟು ಎಳೆ ಒರೆ ಹಚ್ಚಿದ್ರಿ?"

"ಒಂದು."

ಅವಳು ಬಾಗಿಲ ಕಡೆ ತಿರುಗಿದಳು. "ಚಿತ್ತಪ್ಪಣ್ಣ, ನೀನು ನಮ್ಮನೆಯವರನ್ನ ಎಷ್ಟು ಸಲ ಕೇಳ್ದೆ, ಹಿಂಗಾ ಹೊನ್ನೂರ ಅಂತ?"

ಚಿತ್ತಪ್ಪ ಹೊಸ್ತಿಲಿನಾಚೆಯೇ ತಲೆ ತಗ್ಗಿಸಿದ. "ಕೇಳ್ಲೇ ಇಲ್ಲಮ್ಮ. ಬಂದೋನೇ ಬೈದೆ."

"ಹೂಂ." ಬೋರಕ್ಕ ಉಂಡೆಯನ್ನು ಎತ್ತಿಕೊಂಡು ಸಾಬರ ಕೈಗೇ ವಾಪಸ್ಸು ಇಟ್ಟಳು. "ಇದು ನಂಗ್ಯಾಕೆ? ನಮ್ಮನೇಲಿ ಯಾವತ್ತೂ ಅನುಮಾನ ಇರ್ಲಿಲ್ಲ. ಅನುಮಾನ ಇದ್ದಿದ್ದು ನಿಮಗೆ. ನನ್ನ ಮುಂದೆ ಮೆಲ್ಲಗೆ ಬೆಳ್ಳಿ ಅಂದ್ರೆ ಏನು ಬಂತು ಸಾಬ್ರೇ? ಅವತ್ತು ಬೀದಿಗೆಲ್ಲ ಕೇಳಂಗೆ ಹೇಳಿದ್ರಿ. ಹೋಗಿ ಬೀದಿಗೇ ಹೇಳ್ರಿ."

ಸಾಬರು ಎದ್ದರು. ಹೊರಗೆ ಮಧ್ಯಾಹ್ನದ ಬಿಸಿಲು. ಅವತ್ತು ಸೀರೆ ಹರಡಿಕೊಂಡು ಕೂತಿದ್ದ ಕಟ್ಟೆಯ ಹತ್ತಿರವೇ ಹೋಗಿ ನಿಂತರು. ಉಂಡೆಯನ್ನು ಕೈಯೆತ್ತಿ ಹಿಡಿದರು. ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: "ಸೂರಮ್ಮನ ಸೀರೆ ಬೆಳ್ಳೀದು! ತಾಮ್ರ ಅಂತ ನಾನು ಸುಳ್ಳು ಹೇಳ್ದೆ! ಹೊನ್ನೂರಸ್ವಾಮಿ ಕೊಟ್ಟಿದ್ದು ಅಸಲಿ ಜರಿ!"

ಎರಡು ಮಗ್ಗಗಳ ಸದ್ದು ನಿಂತಿತು. ಬಾಗಿಲುಗಳಲ್ಲಿ ಮುಖಗಳು ಕಂಡವು. ನಲ್ಲಿಯಲ್ಲಿ ನೀರು ಹಿಡಿದು ಹೊರಟಿದ್ದ ಹೆಂಗಸೊಬ್ಬಳು ಕೊಡವನ್ನು ಸೊಂಟದಿಂದ ಇಳಿಸದೆಯೇ ನಿಂತು ಯೋಚಿಸಿದಳು.

"ಯಾವ ಹೊನ್ನೂರಸ್ವಾಮಿ?" ಎಂದಳು. ಆಮೇಲೆ ಅವಳಿಗೆ ಬೀದಿ ಇಟ್ಟ ಹೆಸರು ನೆನಪಾಯಿತು. "ಓ, ತಾಮ್ರದ ಹೊನ್ನೂರಪ್ಪನಾ?"

ಚಿತ್ತಪ್ಪ ಬಂದು ಸಾಬರ ಪಕ್ಕದಲ್ಲಿ ನಿಂತುಕೊಂಡ. ಬೋರಕ್ಕನ ಮನೆಯಿಂದ ರಾಟೆಯ ಸದ್ದು ಇನ್ನೂ ಶುರುವಾಗಿರಲಿಲ್ಲ. ಸಾಬರು ಕೈಯಲ್ಲಿದ್ದ ಉಂಡೆಯನ್ನು ಕೊಡ ಹೊತ್ತ ಹೆಂಗಸಿನ ಕಡೆ ಚಾಚಿ, "ಅಲ್ಲಮ್ಮ, ಕೇಳು ಇಲ್ಲಿ," ಎಂದು ಮೊದಲಿನಿಂದ ಹೇಳತೊಡಗಿದರು.